ನಾಲ್ಕು ನೀರಿನಲ್ಲಿ ತೊಳೆದ ಅಕ್ಕಿ

೧೯೮೬ನೇ ಇಸವಿ. ನಾನಾಗ ಸೌದಿಯ ಅಲ್ ಖರ್ಜ್‌ನಲ್ಲಿ ಒಂದು ಡೈರಿಯ ಸ್ಟೋರ್ ಕೀಪರ್. ಉಪ್ಪಿನಂಗಡಿಯಿಂದ ನನ್ನ ತಾಯಿ, ಉಮ್ಮ, ಮೂರು ತಿಂಗಳ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಜಿಜಾನ್‌ನಲ್ಲಿದ್ದ ಭಾವನ ಮನೆಗೆ ಕಾರಿನಲ್ಲೇ ಹೋಗೋಣ, ದಾರಿಯಲ್ಲಿ ಮರುಭೂಮಿಯಲ್ಲಿ ಡೇರೆ ಹಾಕೋಣ ಎಂದು ಹುರುಪಿನಿಂದ ಎಲ್ಲರನ್ನೂ ಹೊರಡಿಸಿದವನು ನಾನೇ. ಹೆಂಡತಿ ಝೊಹರಾ, ನಾಲ್ಕು ವರ್ಷದ ಮಗಳು ನಸೀಮಾ, ಉಮ್ಮ ಮತ್ತು ನಾನು.

ಹೆಂಗಸರಿಗೆ ಮರೆ ಬೇಕೆಂದು ರಸ್ತೆ ಬಿಟ್ಟು ಎರಡು ಮೈಲಿ ಒಳಗೆ, ಮರಳ ದಿಬ್ಬದ ಹಿಂದೆ ಕಾರು ನಿಲ್ಲಿಸಿದೆ. ದೊಡ್ಡ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಸಂಜೆ ಉಮ್ಮ ಊರಿನಿಂದ ತಂದಿದ್ದ ಕುಚ್ಚಲಕ್ಕಿ ಬೇಯಿಸಲು ಕೂತರು. ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆಯದೆ ಅವರು ಒಲೆಗೆ ಇಟ್ಟವರೇ ಅಲ್ಲ. ಅಲ್ಲೂ ನಾವು ತಂದಿದ್ದ ಕ್ಯಾನಿನ ನೀರಿನಲ್ಲಿ ಹಾಗೆಯೇ ತೊಳೆದರು. ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರು, ಪಾತ್ರೆಗಳನ್ನೂ ತೊಳೆದಿಟ್ಟರು. ಡೇರೆ ಕಟ್ಟುತ್ತಿದ್ದ ನಾನು ಇದನ್ನೆಲ್ಲ ನೋಡಿದೆ, ಏನೂ ಹೇಳಲಿಲ್ಲ. ಒಣಮೀನಿನ ಚಟ್ನಿಯ ಜೊತೆ ಎರಡು ಸಲ ಅನ್ನ ಬಡಿಸಿಕೊಂಡೆ.

ಬೆಳಿಗ್ಗೆ ಕಾರು ಹೊರಡಿಸಿದರೆ ಹಿಂದಿನ ಚಕ್ರಗಳು ಮರಳಿನಲ್ಲಿ ಹೂತವು. ಅಗೆದಷ್ಟೂ ಇಳಿದವು. ಹೊತ್ತು ಏರಿದಾಗ ನೋಡಿದರೆ ಕ್ಯಾನು ಖಾಲಿ, ಉಳಿದದ್ದು ಎರಡೇ ಬಾಟಲಿ ನೀರು. ನಸೀಮಾ ಮತ್ತೆ ಮತ್ತೆ ನೀರು ಕೇಳುತ್ತಿದ್ದಳು. ನನಗೆ ಹೆದರಿಕೆ. ಆ ಹೆದರಿಕೆಯೇ ಸಿಟ್ಟಾಗಿ ಬಾಯಿಗೆ ಬಂತು.

"ಇಲ್ಲಿ ನಿಮ್ಮ ಬಾವಿ ಉಂಟಾ ಉಮ್ಮ? ಮಗುವಿಗೆ ಏನಾದರೂ ಆದರೆ ಅದು ನಿಮ್ಮ ಅಕ್ಕಿಯಿಂದಲೇ."

ಒಂದು ಬಾಟಲಿಯನ್ನು ಝೊಹರಾ ಮತ್ತು ಮಗುವಿಗೆ, ಇನ್ನೊಂದನ್ನು ಉಮ್ಮನಿಗೆ ಕೊಟ್ಟು ನಾನು ರಸ್ತೆಯ ಕಡೆಗೆ ನಡೆದೆ.

ರಸ್ತೆಯಲ್ಲಿ ಎಷ್ಟೋ ಹೊತ್ತಿನ ಮೇಲೆ ಮರುಭೂಮಿಯಲ್ಲಿ ಆಡು ಮೇಯಿಸುವ ಬದು ಜನಾಂಗದ ಒಬ್ಬ ಮುದುಕ ಪಿಕಪ್ ನಿಲ್ಲಿಸಿದ. ಹಿಂದೆ ನಾಲ್ಕು ಆಡು, ಒಂದು ಡ್ರಮ್ ನೀರು. ನನ್ನ ಹರಕು ಅರಬಿ ಕೇಳಿ "ಯಲ್ಲಾ" ಎಂದು ಹತ್ತಿಸಿಕೊಂಡ.

ಹೋಗಿ ನೋಡಿದರೆ ಉಮ್ಮ ಕಾರಿನ ನೆರಳಿನಲ್ಲಿ ಒರಗಿದ್ದರು. ತುಟಿ ಒಡೆದಿತ್ತು. ಬಾಟಲಿ ಮಡಿಲಲ್ಲಿತ್ತು, ತುಂಬಿದ ಹಾಗೇ.

"ಕೇಳಿದ್ರೆ ಆಗಲೇ ಕುಡಿದೆ ಅಂತ ಹೇಳಿದ್ರು," ಎಂದು ಝೊಹರಾ ಅತ್ತಳು. "ನಮಾಜಿಗೂ ನೀರು ಮುಟ್ಟಲಿಲ್ಲ, ಮರಳಲ್ಲೇ ಕೈಮುಖ ಒರೆಸಿ ವುಳೂ ಮಾಡಿದ್ರು."

ಮುದುಕ ಗದರಿದ ಹಾಗೆ ಏನೋ ಹೇಳಿ ಬಟ್ಟಲು ತುಂಬಿ ಉಮ್ಮನ ಕೈಗಿಟ್ಟ. ಅವರು ಅದನ್ನೂ ಮೊದಲು ನಸೀಮಾಳಿಗೆ ಕುಡಿಸಿದರು. ಆಮೇಲೆ ಅವನೇ ಹಗ್ಗ ಕಟ್ಟಿ ಕಾರು ಎಳೆದು, ರಸ್ತೆ ತೋರಿಸಿ ಹೋದ.

ಉಮ್ಮ ಊರಿಗೆ ಮರಳುವ ದಿನ ಏರ್‌ಪೋರ್ಟಿನಲ್ಲಿ ಮಾಫಿ ಕೇಳಬೇಕು ಅಂದುಕೊಂಡೆ. ಕೇಳಲಾಗದೆ "ಮಾತ್ರೆ ಸರಿಯಾಗಿ ತಗೊಳ್ಳಿ" ಎಂದೆ. "ಆಯ್ತು ಮೋನೆ," ಅಂದರು.

ಮರುವರ್ಷ ಉಮ್ಮ ತೀರಿಕೊಂಡರು. ನನ್ನ ಪಾಸ್‌ಪೋರ್ಟ್ ವೀಸಾ ಕೊಟ್ಟ ಧಣಿ ಕಫೀಲನ ಹತ್ತಿರ, ಕಫೀಲ ಊರಲ್ಲಿಲ್ಲ. ನಾನು ಮನೆ ಮುಟ್ಟುವಾಗ ಕಬರಿನ ಮಣ್ಣು ಒಣಗಿತ್ತು.

ಉಮ್ಮನನ್ನು ನೋಡಿಕೊಂಡಿದ್ದ ಅಕ್ಕ ಅಡುಗೆಮನೆಯಲ್ಲಿ ಹೇಳಿದಳು: "ಅಲ್ಲಿಂದ ಬಂದ ಮೇಲೆ ಉಮ್ಮನಿಗೆ ಎಂತ ಆಗಿತ್ತಾ ಗೊತ್ತಿಲ್ಲ ಮಾರಾಯ. ಬಾವಿ ತುಂಬ ನೀರಿದ್ರೂ ಅಕ್ಕಿಯನ್ನು ಒಂದೇ ಚೊಂಬಲ್ಲಿ ತೊಳೀತಿದ್ರು. ಕೇಳಿದ್ರೆ, ಸಾಕು ಅಂತಿದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ಉಮ್ಮನ ಜೊತೆ ಊರಿನ ಬಾವಿಕಟ್ಟೆಯವರೆಗೆ ಬಂದಿತ್ತು. ಎಂತ ಆಗಿತ್ತು ಎಂದು ಅಕ್ಕನಿಗೆ ನಾನು ಇವತ್ತಿಗೂ ಹೇಳಿಲ್ಲ.