ನೀಲಮ್ಮನ ಹಸಿವು

ರಾಜಾಜಿನಗರದ ನೀಲಮ್ಮನ ಹೆಸರೆತ್ತಿದರೆ ಸಾಕು, ಅವಳ ಬೀಗರ ಮನೆಯಲ್ಲಿ ನಗು ಏಳುತ್ತದೆ. ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದರೆ ಗಂಡನ ತಟ್ಟೆಯನ್ನೂ ಬಿಡದೆ ಬಳಿದ ಮಹಾತಾಯಿ ಅಂತ. ಆಡಿಕೊಳ್ಳುವವರ ಬಾಯಿ ಮುಚ್ಚಿಸುವವರು ಯಾರು? ಬೆಳಿಗ್ಗೆ ಒಂದು ರೊಟ್ಟಿ ತಿಂದರೆ ಸಂಜೆಯವರೆಗೆ ಸಾಕೆನ್ನುವ ಹೆಂಗಸು ಅವಳು.

ದಾವಣಗೆರೆ ಕಡೆಯಿಂದ ಗಂಡ ಚನ್ನಮಲ್ಲಪ್ಪನ ಜೊತೆ ಬಂದವಳು, ಅವನ ಕಾರ್ಖಾನೆಯ ಸಂಬಳದಲ್ಲೇ ಸಂಸಾರ ತೂಗಿಸಿದಳು. ಒಬ್ಬಳೇ ಮಗಳು ಬಸವರಾಜೇಶ್ವರಿ ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದಳು. ಎಪ್ಪತ್ತಾರನೇ ಇಸವಿಯಲ್ಲಿ ಅವಳಿಗೆ ವಿಜಯನಗರದ ಸಿದ್ದಬಸಪ್ಪನವರ ಮಗನ ಸಂಬಂಧ ಕುದುರಿತು. ಆ ಸಂತೋಷದಲ್ಲಿ ಹೋಳಿಗೆ ತಟ್ಟಬೇಕಾಗಿದ್ದ ಮನೆಯಲ್ಲಿ ನೀಲಮ್ಮ ಗಂಜಿ ಸೋಸುತ್ತಿದ್ದಳು. ಚನ್ನಮಲ್ಲಪ್ಪನ ಗಂಟಲಲ್ಲಿ ಗೆಡ್ಡೆ ಬೆಳೆದಿತ್ತು. ಡಾಕ್ಟರು ಬಾಯಿಬಿಟ್ಟು ಹೇಳದಿದ್ದರೂ ಗಂಡ ಹೆಂಡತಿ ಇಬ್ಬರಿಗೂ ಅರ್ಥವಾಗಿತ್ತು.

ಸಿದ್ದಬಸಪ್ಪನವರು ಹಿಂದೆ ಒಂದು ಹೆಣ್ಣನ್ನು ಒಪ್ಪಿ, ಅವಳ ತಂದೆಗೆ ಇದೇ ರೋಗವೆಂದು ತಿಳಿದ ಮೇಲೆ ಬೇಡವೆಂದಿದ್ದರು. ರೋಗ ವಂಶಕ್ಕೆ ಅಂಟುತ್ತದೆ ಅನ್ನುವುದು ಅವರ ಹೆದರಿಕೆ.

"ತಾಳಿ ಕಟ್ಟೋವರೆಗೂ ಯಾರಿಗೂ ಗೊತ್ತಾಗೋದು ಬೇಡ ಕಣೇ. ಮಗಳಿಗೂ ಹೇಳ್ಬೇಡ," ಎಂದ ಚನ್ನಮಲ್ಲಪ್ಪ.

ಅಷ್ಟರಲ್ಲಿ ಬೀಗರಿಂದ ಊಟದ ಕರೆ ಬಂತು. ಮನೆಗಲ್ಲ, ಗಾಂಧಿನಗರದಲ್ಲಿ ಹೊಸದಾಗಿ ತೆರೆದ ದೊಡ್ಡ ಸಸ್ಯಾಹಾರಿ ಹೋಟೆಲಿಗೆ. ಒಲ್ಲೆವೆಂದರೆ ಅನುಮಾನ. ಹಿಂದಿನ ದಿನವಷ್ಟೇ ಊರಿಂದ ಬಂದಿದ್ದ ಮಗಳನ್ನು ಕರೆದುಕೊಂಡು ಇಬ್ಬರೂ ಹೊರಟರು.

ಹೋಟೆಲಿನೊಳಗೆ ಯಂತ್ರದ ತಂಪು. ಮೂಲೆಯಲ್ಲಿ ಪಿಟೀಲು, ಗಿಟಾರ್ ಹಿಡಿದವರು ಹಾಡು ನುಡಿಸುತ್ತಿದ್ದರು. ಪೇಟ ಸುತ್ತಿದ ಸರ್ವರುಗಳು ಓಡಾಡುತ್ತಿದ್ದರು, ಪ್ರತಿ ಮೇಜಿನಲ್ಲೂ ನಗು, ಗದ್ದಲ. ಸಿದ್ದಬಸಪ್ಪನವರು ಎಲ್ಲರಿಗೂ ತಾವೇ ಹೇಳಿ ತರಿಸಿದರು. ಪೂರಿ, ಸಾಗು, ಕಟ್ಲೆಟ್ಟು, ಮೇಲೆ ತುಪ್ಪ ಮಿನುಗುವ ಪಲಾವು. ತಟ್ಟೆ ತುಂಬಿ ತುಳುಕಿತು.

ಲಿಂಗಾಯತರಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಹೋಟೆಲಾದರೇನು, ಬೀಗರೆದುರು ತುಂಬಿದ ತಟ್ಟೆ ಬಿಟ್ಟು ಏಳುವುದುಂಟೆ? ಚನ್ನಮಲ್ಲಪ್ಪ ಪೂರಿಯ ಚೂರೊಂದನ್ನು ಬಾಯಿಗಿಟ್ಟುಕೊಂಡ. ಅದು ಇಳಿಯಲಿಲ್ಲ. ನೀರು ಕುಡಿದ, ಕಣ್ಣಲ್ಲಿ ನೀರು ಬಂತು. ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕೆಮ್ಮು ತಡೆದ.

"ಯಾಕೆ ಬೀಗರೇ, ರುಚಿಯಾಗಿಲ್ವಾ?" ಎಂದರು ಸಿದ್ದಬಸಪ್ಪನವರು, ತಿನ್ನುವುದನ್ನು ನಿಲ್ಲಿಸಿ.

ನೀಲಮ್ಮ ತಡಮಾಡಲಿಲ್ಲ. ತನ್ನ ತಟ್ಟೆಯದನ್ನು ಗಬಗಬ ಮುಗಿಸಿದವಳೇ ಗಂಡನ ತಟ್ಟೆ ಎಳೆದುಕೊಂಡಳು.

"ರುಚಿಯಾಗಿದೆ ಅಂತಾನೇ ನಂಗೆ ಸಾಲ್ಲಿಲ್ಲ. ಕೊಡ್ರೀ ಇಲ್ಲಿ," ಎಂದಳು.

ಬೀಗರು ಮುಖಮುಖ ನೋಡಿಕೊಂಡರು. ಮದುಮಗ ನಗು ತಡೆಯಲು ವಾದ್ಯದವರ ಕಡೆ ತಿರುಗಿದ. ಬಸವರಾಜೇಶ್ವರಿ ತಲೆ ಎತ್ತಲಿಲ್ಲ. ನೀಲಮ್ಮ ತಿಂದಳು. ಒಂದೊಂದು ತುತ್ತನ್ನೂ ನೀರು ಕುಡಿದು ಒಳಗಿಳಿಸಿದಳು. ಪಕ್ಕದಲ್ಲಿ ಹಸಿದು ಕೂತವನ ಪಾಲು ತಾನು ತಿನ್ನುತ್ತಿದ್ದೇನೆ ಎಂಬ ಸಂಕಟ ಬೇರೆ. ಆದರೂ ಎರಡು ತಟ್ಟೆಗಳನ್ನೂ ಬೆರಳಲ್ಲಿ ಬಳಿದಳು.

ಕೊನೆಗೆ ಐಸ್‌ಕ್ರೀಂ ಬಂತು. ಚನ್ನಮಲ್ಲಪ್ಪ ಹೆದರುತ್ತಲೇ ಒಂದು ಚಮಚ ಬಾಯಿಗಿಟ್ಟ. ತಣ್ಣಗೆ ಕರಗಿ ಇಳಿಯಿತು. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿದ್ದನ್ನು ನೋಡಿ ನೀಲಮ್ಮ ತನ್ನ ಬಟ್ಟಲನ್ನೂ ಅವನ ಮುಂದೆ ಸರಿಸಿದಳು.

"ಒಳ್ಳೇ ಜೋಡಿ. ಊಟವೆಲ್ಲ ಹೆಂಡ್ತಿಗೆ, ಐಸ್‌ಕ್ರೀಂ ಗಂಡನಿಗೆ," ಎಂದು ಬೀಗಿತ್ತಿ ಗಿರಿಜಾದೇವಿ ನಕ್ಕರು. ಎಲ್ಲರೂ ನಕ್ಕರು. ಚನ್ನಮಲ್ಲಪ್ಪನೂ ನಕ್ಕ.

ಮದುವೆ ನಡೆಯಿತು. ಶ್ರಾವಣ ಮುಗಿಯುವಷ್ಟರಲ್ಲಿ ಚನ್ನಮಲ್ಲಪ್ಪ ಲಿಂಗೈಕ್ಯನಾದ. ರೋಗ ಮದುವೆಯ ನಂತರ ಕಾಣಿಸಿತು ಅಂತ ನೀಲಮ್ಮ ಮಗಳೂ ಸೇರಿದಂತೆ ಎಲ್ಲರಿಗೂ ಹೇಳಿದಳು. ಮೋಸ ಮಾಡಿ ಹೆಣ್ಣು ಕೊಟ್ಟರು ಅನ್ನುವ ಮಾತು ಆ ಮನೆಯಲ್ಲಿ ಮಗಳ ತಲೆಯ ಮೇಲೆ ಬೀಳಬಾರದಲ್ಲ.

ಎರಡು ವರ್ಷ ಕಳೆದು ಮಗಳು ಬಾಣಂತನಕ್ಕೆ ಬಂದಳು. ಒಂದು ಮಧ್ಯಾಹ್ನ ನೀಲಮ್ಮ ಗಂಡನ ಹೆಸರೆತ್ತಿ ಕಣ್ಣೊರೆಸಿಕೊಂಡಾಗ, ಮಗಳ ಹೊಟ್ಟೆಯೊಳಗಿನ ಮಾತು ಹೊರಬಿತ್ತು.

"ಈಗ ಅಳ್ತೀಯ. ಅವತ್ತು ಹೋಟ್ಲಲ್ಲಿ ಅಪ್ಪನ ತಟ್ಟೇನೂ ಕಿತ್ಕೊಂಡ್ಯಲ್ಲ. ನಮ್ಮತ್ತೆ ಇವತ್ತಿಗೂ ಆಡ್ಕೋತಾರೆ. ಅದು ಹಾಳಾಗ್ಲಿ, ಅಪ್ಪ ಅವತ್ತು ಹಸ್ಕೊಂಡೇ ಎದ್ರಮ್ಮ. ನಾನು ಕಣ್ಣಾರೆ ನೋಡಿದೀನಿ."

ನೀಲಮ್ಮ ಮಗಳ ಮುಖ ನೋಡಿದಳು. ಹೇಳಿಬಿಡಬೇಕೆನ್ನಿಸಿತು. ಮಗು ಮಗ್ಗುಲು ಬದಲಿಸಿ ಅತ್ತಿತು. ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

"ಹೂಂ ಕಣೇ," ಎಂದಳು. "ಅವತ್ತು ನಂಗೆ ಹಸಿವು ಜಾಸ್ತಿ ಆಗಿತ್ತು."