ಚಿತ್ರದ ಮೇಲೊಂದು ಸೊನ್ನೆ

ಎಂಟನೇ ತರಗತಿಗೆ ಸೇರಿದ ಮೊದಲ ತಿಂಗಳ ಕೊನೆಗೆ ನಾನು ಶಾಲೆ ಬಿಡುವುದೆಂದು ತೀರ್ಮಾನಿಸಿದ್ದೆ. ಡೈರಿಯಲ್ಲಿ ಕಾರಣಗಳನ್ನೂ ಬರೆದಿಟ್ಟಿದ್ದೇನೆ. ಒಂದು, ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಎರಡು, ತರಗತಿಯಲ್ಲಿ ಅದಕ್ಕಿಂತ ಕಡಿಮೆ ಯಾರಿಗೂ ಬಂದಿಲ್ಲ. ಮೂರನೆಯದನ್ನು ಬರೆದು ಹೊಡೆದುಹಾಕಿದ್ದೇನೆ. ಈಗ ಎಷ್ಟು ಕಣ್ಣಿಟ್ಟು ನೋಡಿದರೂ ಓದಲಾಗುವುದಿಲ್ಲ.

ನಮ್ಮದು ಬೆಂಗಳೂರು ಗ್ರಾಮಾಂತರದ ವಿಜಯಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹುಡುಗರ ವಸತಿ ಶಾಲೆ. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದವರಿಗಷ್ಟೇ ಅಲ್ಲಿ ಜಾಗ. ಸೂಲಿಬೆಲೆ ಪಕ್ಕದ ನಮ್ಮೂರಿನ ಶಾಲೆಯಲ್ಲಿ ಏಳು ವರ್ಷ ಮೊದಲ ಸ್ಥಾನ ನನ್ನನ್ನು ಬಿಟ್ಟು ಬೇರೆಯವರಿಗೆ ಹೋದದ್ದಿಲ್ಲ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿರುವ ಪ್ರತಿಯೊಬ್ಬನೂ ಅವನವನ ಊರಿನಲ್ಲಿ ಮೊದಲಿಗನೇ.

ಶನಿವಾರ ವಾರ್ಡನ್ ಕೋಣೆಯಿಂದ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹಿಂದುಗಡೆ ಕ್ಯಾನುಗಳ ಸದ್ದು ಕೇಳುತ್ತಿತ್ತು.

"ನಾನಿಲ್ಲಿ ಇರಲ್ಲ ಅಪ್ಪ. ಬಂದು ಕರ್ಕೊಂಡ್ ಹೋಗು."

"ಯಾರಾದ್ರೂ ಹೊಡುದ್ರೇನೋ?"

"ಇಲ್ಲ."

"ಊಟ ಸರೀಗಿಲ್ವಾ?"

"ಊಟ ಚೆನ್ನಾಗೇ ಇದೆ."

"ಮತ್ತಿನ್ನೇನೋ ನಿನ್ ರೋಗ?"

ಅಂಕದ ವಿಷಯ ಮುಚ್ಚಿಟ್ಟು, "ನೀನು ಬಾ ಅಪ್ಪ" ಅಂದೆ. ಅಪ್ಪ, "ಮುಂದಿನ್ ಭಾನುವಾರ ಬರ್ತೀನಿ. ಆವತ್ತೂ ಹಿಂಗೇ ಅಂದ್ರೆ ಕರ್ಕೊಂಡ್ ಬಂದ್ಬಿಡ್ತೀನಿ. ಆದ್ರೆ ಒಂದ್ಸಲ ಬಿಟ್ರೆ ಆ ಸೀಟು ಇನ್ನೊಬ್ಬಂಗೆ ಹೋಗುತ್ತೆ, ತಿಳ್ಕೋ" ಅಂದರು. ತಿಳಿದುಕೊಂಡಿದ್ದೆ. ನನ್ನ ಹಿಂದೆ ಕಾಯುತ್ತಿದ್ದವರ ಪಟ್ಟಿಯೇ ಇತ್ತು.

ನಡುವೆ ಒಂದು ವಾರ ಉಳಿಯಿತು.

ನಮ್ಮ ಊಟದ ಮನೆಯ ಹೊರಗೆ, ಜಗಲಿಯ ಗೋಡೆಗೆ, ಒಂದು ದೊಡ್ಡ ಕರಿಹಲಗೆ ಇತ್ತು. ಪ್ರತಿ ಸೋಮವಾರ ಗಣಿತದ ಮೇಷ್ಟ್ರು ಅದರ ಮೇಲೆ ಒಂದು ಸಾಧನೆ, ಅಂದರೆ ಒಂದು ಮಾತನ್ನು ಸಾಲು ಸಾಲಾಗಿ ಸಾಬೀತು ಮಾಡುವ ಲೆಕ್ಕ, ಬರೆಯುತ್ತಿದ್ದರು. ಅದರಲ್ಲಿ ಎಲ್ಲೋ ಒಂದು ಕಡೆ ತಪ್ಪಿರುತ್ತಿತ್ತು. ಎಲ್ಲಿ ಅಂತ ಹುಡುಕುವುದು ಇಡೀ ಶಾಲೆಯ ಕೆಲಸ. ಅನುಮಾನ ಬಂದ ಸಾಲಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ ಇಡಬೇಕು. ಆರನೇ ತರಗತಿಯವನೂ ಇಡಬಹುದು, ಹತ್ತನೆಯವನೂ ಇಡಬಹುದು. ಆದರೆ ಸೊನ್ನೆ ಇಟ್ಟವನು ಊಟಕ್ಕೆ ಕೂರುವ ಮುಂಚೆ ಎಲ್ಲರ ಎದುರು ನಿಂತು ವಿವರಿಸಬೇಕು. ಅವನ ವಾದ ಗಟ್ಟಿಯಾಗಿ ನಿಲ್ಲದಿದ್ದರೆ ಅವನೇ ತನ್ನ ಸೊನ್ನೆ ಅಳಿಸಿ ಒಳಗೆ ಹೋಗಬೇಕು.

ಸಾಧನೆಯ ಪರವಾಗಿ ವಾದಿಸುವುದಕ್ಕೂ ಒಬ್ಬ ಬೇಕು. ಆ ವರ್ಷ ಹತ್ತನೇ ತರಗತಿಯ ಒಬ್ಬ ಅಣ್ಣ ಆ ಕೆಲಸ ಮಾಡುತ್ತಿದ್ದ. ಅನುಗೊಂಡನಹಳ್ಳಿ ಕಡೆಯವನು, ತೆಳ್ಳಗೆ, ಯಾವಾಗಲೂ ಅಂಗಿಯ ಒಂದು ಗುಂಡಿ ಇಲ್ಲದವನು. ಅವನು ಮಾತಾಡುವುದನ್ನು ಕೇಳಲು ನಾನು ತಟ್ಟೆ ಹಿಡಿದು ಸಾಲಿನ ಕೊನೆಗೇ ನಿಲ್ಲುತ್ತಿದ್ದೆ. ಎದುರಿನವನು ಮಾತು ಮುಗಿಸುವ ತನಕ ಅವನು ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. ಎದುರಿನವನು ಯೋಚಿಸಿ, ತಲೆ ಕೆರೆದುಕೊಂಡು, ತಾನೇ ನಗುತ್ತಾ ಸೊನ್ನೆ ಅಳಿಸುತ್ತಿದ್ದ. ಮನುಷ್ಯರು ಸೋತು ಹೀಗೆ ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ಸೋಮವಾರ ಹಲಗೆಯ ಮೇಲಿದ್ದದ್ದು ಹುಚ್ಚು ಮಾತು: ಪ್ರತಿಯೊಂದು ತ್ರಿಭುಜಕ್ಕೂ ಎರಡು ಬಾಹುಗಳು ಸಮವಾಗಿರುತ್ತವೆ. ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೆ ಕೆಳಗೆ ಒಂಬತ್ತು ಸಾಲಿನ ಸಾಧನೆ. ಪಕ್ಕದಲ್ಲಿ ಕೈಯಲ್ಲೇ ಎಳೆದ ಒಂದು ತ್ರಿಭುಜ. ಅದರ ತುದಿಯ ಕೋನವನ್ನು ಸರಿಯಾಗಿ ಅರ್ಧ ಮಾಡುವ ಒಂದು ಗೆರೆ, ಪಾದದ ನಟ್ಟನಡುವಿನಿಂದ ನೇರ ಮೇಲೆದ್ದ ಇನ್ನೊಂದು ಗೆರೆ. ಎರಡೂ ತ್ರಿಭುಜದ ಒಳಗೆ ಒಂದು ಬಿಂದುವಿನಲ್ಲಿ ಕೂಡುತ್ತಿದ್ದವು. ಮುಂದಿನ ಸಾಲುಗಳೆಲ್ಲ ಆ ಬಿಂದುವಿನ ಆಧಾರದ ಮೇಲೆ ನಿಂತಿದ್ದವು.

ಬುಧವಾರದ ಹೊತ್ತಿಗೆ ನನ್ನ ಲೆಕ್ಕದಂತೆ ಹದಿನಾಲ್ಕು ಸೊನ್ನೆ ಬಿದ್ದು, ಹದಿನಾಲ್ಕೂ ಅಳಿಸಿಹೋಗಿದ್ದವು. ಒಂದು ಸಾಲೂ ಅಲುಗಲಿಲ್ಲ. ಹುಡುಗರು ಕೈಯಲ್ಲಿ ತಟ್ಟೆ ಹಿಡಿದೇ ಜಗಳವಾಡುತ್ತಿದ್ದರು. ಅಡುಗೆಯವರು ಬಾಗಿಲಿಗೆ ಬಂದು ಕೂಗುತ್ತಿದ್ದರು: "ಏಯ್, ಮುದ್ದೆ ಕಲ್ಲಾಗೋಯ್ತು, ಬರ್ರಪ್ಪಾ! ಆ ತ್ರಿಭುಜ ಎಲ್ಲೂ ಓಡೋಗಲ್ಲ."

ಮೇಷ್ಟ್ರು ನಮಗೆ ಮೊದಲ ದಿನವೇ ಹೇಳಿದ್ದರು, ಚಿತ್ರವನ್ನು ನಂಬಬೇಡಿ, ಸಾಲನ್ನು ನಂಬಿ ಎಂದು. ಹಾಗಾಗಿ ಆ ಶಾಲೆಯಲ್ಲಿ ಯಾರೂ ಚಿತ್ರಕ್ಕೆ ಬೆಲೆ ಕೊಡುತ್ತಿರಲಿಲ್ಲ. ಜಾಣರಾದಷ್ಟೂ ಚಿತ್ರ ಸೊಟ್ಟಗಿರುತ್ತಿತ್ತು. ನನಗೆ ಮಾತ್ರ ಸ್ಕೇಲು, ಕೈವಾರ ಇಲ್ಲದೆ ಒಂದು ಗೆರೆ ಎಳೆದರೆ ಸಮಾಧಾನವಿರಲಿಲ್ಲ. ಪಕ್ಕದ ಡೆಸ್ಕಿನವನು ನೋಡಿ, "ಏನ್ ಗುರು, ಮನೆ ಕಟ್ಸೋ ಪ್ಲಾನಾ?" ಅನ್ನುತ್ತಿದ್ದ.

ಗುರುವಾರ ಆಟದ ಪಿರಿಯಡ್ಡಿನಲ್ಲಿ ಜಗಲಿಯಲ್ಲಿ ಕೂತು ಆ ತ್ರಿಭುಜವನ್ನು ಹಾಳೆಗೆ ಇಳಿಸಿಕೊಂಡೆ. ಕೈವಾರ ಇಟ್ಟು ಕೋನವನ್ನು ಅರ್ಧ ಮಾಡಿದೆ, ಪಾದದ ಮಧ್ಯದಲ್ಲಿ ಲಂಬ ಎಳೆದೆ. ಗೆರೆಗಳು ಒಳಗೆ ಕೂಡಲಿಲ್ಲ. ಪಾದವನ್ನು ದಾಟಿ, ಕೆಳಗೆ, ತ್ರಿಭುಜದ ಹೊರಗೆ ಹೋಗಿ ಕೂಡಿದವು. ಕೈವಾರದ ಸ್ಕ್ರೂ ಸಡಿಲವಾಗಿದೆ ಅಂದುಕೊಂಡು ಬಿಗಿಮಾಡಿ ಇನ್ನೊಮ್ಮೆ ಎಳೆದೆ. ಮತ್ತೂ ಹೊರಗೆ. ಚೂಪಾದದ್ದು, ಮೊಂಡಾದದ್ದು, ಉದ್ದನೆಯದು, ಕುಳ್ಳನೆಯದು ಎಂದು ಹನ್ನೊಂದು ತ್ರಿಭುಜ ಬರೆದೆ. ಹನ್ನೊಂದರಲ್ಲೂ ಬಿಂದು ಹೊರಗೇ.

ಶುಕ್ರವಾರ ಮಧ್ಯಾಹ್ನ ಊಟದ ಗಂಟೆಗೆ ಎಲ್ಲರಿಗಿಂತ ಮೊದಲು ಹೋಗಿ ಸೊನ್ನೆ ಇಟ್ಟೆ. ಯಾವ ಸಾಲಿಗೂ ಅಲ್ಲ, ಚಿತ್ರದೊಳಗಿನ ಆ ಬಿಂದುವಿನ ಸುತ್ತ. ಹುಡುಗರು ಬಂದು ನೋಡಿ ಗೊಳ್ಳೆಂದರು.

"ಲೇ, ಸೊನ್ನೆ ಸಾಲಿಗೆ ಇಡ್ಬೇಕು ಕಣೋ, ಬೊಂಬೆಗಲ್ಲ!"

"ಹೊಸಬ ಇರ್ಬೇಕು, ಬಿಡ್ರೋ."

ಅಣ್ಣ ಬಂದ. "ಯಾರಿಟ್ಟಿದ್ದು?"

"ನಾನು ಅಣ್ಣ."

"ಹೇಳು."

ಹಾಳೆಗಳನ್ನು ಅವನ ಕೈಗೆ ಕೊಟ್ಟೆ. ಅವನು ಒಂದೊಂದನ್ನೇ ನೋಡಿದ. ನಗುತ್ತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದು ಬಗ್ಗಿದರು. ಅವನು ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ನನ್ನ ಕೈವಾರ ಈಸಿಕೊಂಡು, ಹಾಳೆಯ ಹಿಂಬದಿಯಲ್ಲಿ ತಾನೇ ಒಂದು ತ್ರಿಭುಜ ಬರೆದ. ನಿಧಾನವಾಗಿ, ನನ್ನಷ್ಟೇ ನಿಧಾನವಾಗಿ.

"ಲೋ, ಹೊರಗೆ ಬೀಳುತ್ತೆ ಕಣ್ರೋ!" ಅಂದ. ಆಮೇಲೆ ಜೋರಾಗಿ ನಕ್ಕ. "ನಾಲ್ಕ್ ದಿನದಿಂದ ಗೋಡೆನೇ ಇಲ್ದಿರೋ ಮನೆಗೆ ಬೀಗ ಹಾಕ್ಕೊಂಡು ಕಾಯ್ತಿದ್ನಲ್ಲೋ ನಾನು!"

ಅವನ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಹಬ್ಬದ ಬಟ್ಟೆ ಸಿಕ್ಕವನ ಹಾಗಿದ್ದ. ನನ್ನ ಕಡೆ ತಿರುಗಿ, "ಯಾಕೆ ಹೊರಗೆ ಬೀಳುತ್ತೆ?" ಎಂದು ಕೇಳಿದ.

"ಗೊತ್ತಿಲ್ಲ ಅಣ್ಣ. ಹನ್ನೊಂದ್ ಸಲ ಬರೆದೆ. ಹನ್ನೊಂದ್ ಸಲಾನೂ ಹೊರಗೇ."

"ಹನ್ನೊಂದು ಸಾಕಾಗಲ್ಲ ಕಣೋ. ಹನ್ನೆರಡನೇದು ಒಳಗೆ ಬಿದ್ರೆ ಏನ್ಮಾಡ್ತೀಯಾ?"

ಅಂಥ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ಎಣಿಸಿ ಬರೆದಿಟ್ಟರೆ ಒಂದು ವಿಷಯ ಮುಗಿಯಿತು ಎಂದೇ ನನ್ನ ನಂಬಿಕೆಯಾಗಿತ್ತು. ಸಂಜೆ ಮೇಷ್ಟ್ರು ಹಲಗೆಯ ಮುಂದೆ ನಿಂತು ನೋಡಿ ಹೋದರು. ಸೊನ್ನೆಯನ್ನು ಅಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಚೀಲ ಕಟ್ಟಿ ಮಂಚದ ಮೇಲಿಟ್ಟೆ. ಒಂದು ಸೊನ್ನೆ ನಿಂತಿತೆಂದು ಒಂಬತ್ತು ಅಂಕ ಹೆಚ್ಚಾಗುವುದಿಲ್ಲ. ಮಧ್ಯಾಹ್ನ ಅಣ್ಣ ನಮ್ಮ ಕೋಣೆಯ ಬಾಗಿಲಿಗೆ ಬಂದ. ಕೂದಲು ಕೆದರಿತ್ತು.

"ನಿನ್ ಹಾಳೆ ತಗೊಂಡ್ ಬಾರೋ. ಬೇಗ."

ಜಗಲಿಯಲ್ಲಿ ಕೂತೆವು. "ತ್ರಿಭುಜದ ಮೂರೂ ಮೂಲೆ ಮುಟ್ಟೋ ಹಂಗೆ ಒಂದು ವೃತ್ತ ಎಳಿ" ಅಂದ.

ಎಳೆದೆ. ಪೆನ್ಸಿಲು ಸುತ್ತಿಕೊಂಡು ಕೆಳಗೆ ಬರುತ್ತಾ, ನಾನು ಗುರುವಾರವೇ ಗುರುತು ಮಾಡಿದ್ದ ಆ ಹೊರಗಿನ ಬಿಂದುವಿನ ಮೇಲೆ ಸರಿಯಾಗಿ ಹಾದುಹೋಯಿತು. ನಾನು ಅವನ ಮುಖ ನೋಡಿದೆ. "ಇನ್ನೊಂದು ಎಳಿ" ಅಂದ. ಎರಡನೇ ಹಾಳೆಯಲ್ಲೂ ಹಾಗೇ. ಮೂರನೆಯದರಲ್ಲೂ. ಉಳಿದವನ್ನು ಅವನು ಹೇಳುವ ಮೊದಲೇ ಎಳೆದೆ. ಹನ್ನೊಂದು ಬೇರೆ ಬೇರೆ ತ್ರಿಭುಜ, ಹನ್ನೊಂದು ವೃತ್ತ; ಒಂದೊಂದೂ ನನ್ನ ಬಿಂದುವನ್ನು ಮುಟ್ಟಿಕೊಂಡೇ ಹೋಯಿತು. ನಾನು ವೃತ್ತದ ಯೋಚನೆಯನ್ನೂ ಮಾಡದಿದ್ದಾಗ ಅದು ಆ ಹಾಳೆಯಲ್ಲಿ, ಕಾಣದೆ, ಇದ್ದೇ ಇತ್ತು.

ಆಮೇಲೆ ಅವನು ಯಾಕೆಂದು ಹೇಳಿದ. ಕೋನವನ್ನು ಅರ್ಧ ಮಾಡುವ ಗೆರೆ ಪಾದದ ಕೆಳಗಿನ ವೃತ್ತದ ಕಮಾನನ್ನೂ ಅರ್ಧ ಮಾಡುತ್ತದೆ. ಪಾದದ ನಡುವಿನ ಲಂಬವೂ ಅದೇ ಕಮಾನಿನ ನಡುವೆ ಹಾಯುತ್ತದೆ. ಕೋನದ ಎರಡು ಬಾಹು ಸಮವಿಲ್ಲದಿದ್ದರೆ ಎರಡೂ ಗೆರೆ ಕೂಡಬೇಕಾದ ಜಾಗ ಅದೊಂದೇ, ಮತ್ತು ಆ ಕಮಾನು ಇರುವುದು ತ್ರಿಭುಜದ ಹೊರಗೆ.

"ಹೊರಗೆ ಬೀಳ್ದೆ ಅದಕ್ಕೆ ಬೇರೆ ದಾರೀನೇ ಇಲ್ಲ ನೋಡು. ಹನ್ನೆರಡನೇದಲ್ಲ, ಲಕ್ಷದ್ದಾದ್ರೂ ಅಷ್ಟೇ. ಇನ್ನು ನೀನು ಬರೆದು ನೋಡೋದೇ ಬೇಡ."

ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಸದ್ದು ಇಳಿಯುವವರೆಗೆ ಇಬ್ಬರೂ ಹಾಳೆಗಳನ್ನು ನೋಡುತ್ತಾ ಕೂತಿದ್ದೆವು. ಇನ್ನೂ ಯಾರೂ ಬರೆಯದ ತ್ರಿಭುಜಗಳ ಬಗ್ಗೆಯೂ ಜಗಲಿಯಲ್ಲಿ ಕೂತು ಖಚಿತವಾಗಿ ಹೇಳಬಹುದು ಎಂಬುದು ನನಗೆ ದೇವರ ಗುಡಿಯ ಒಳಗೆ ಹೋದ ಹಾಗಾಗಿತ್ತು.

ಭಾನುವಾರ ಅಪ್ಪ ಕೋಡುಬಳೆಯ ಡಬ್ಬ ಹಿಡಿದು ಬಂದರು.

"ಚೀಲ ಎಲ್ಲೋ?"

"ಕಟ್ಟಿದೀನಿ. ಮೊದ್ಲು ಇಲ್ಲಿ ಬಾ ಅಪ್ಪ."

ಹಲಗೆಯ ಮುಂದೆ ನಿಲ್ಲಿಸಿ, ಪರೀಕ್ಷೆಯ ಒಂಬತ್ತು ಅಂಕದಿಂದ ಶುರುಮಾಡಿ ಎಲ್ಲ ಹೇಳಿದೆ. ಅಪ್ಪ ಕೈಕಟ್ಟಿ ಕೇಳಿದರು. ಕೊನೆಗೆ, "ಅಲ್ಲಾ ಕಣೋ, ಆ ಚುಕ್ಕಿ ಒಳಗಿದ್ರೇನು, ಹೊರಗೆ ಹೋದ್ರೇನು, ಯಾರಿಗೆ ನಷ್ಟ?" ಅಂದರು.

"ಯಾರಿಗೂ ಇಲ್ಲ."

"ಮುಂದಿನ್ ಪರೀಕ್ಷೇಲೂ ನೀನೇ ಕೊನೇಗೆ ಬಂದ್ರೆ?"

"ಬರಬಹುದು."

"ಆದ್ರೂ ಇರ್ತೀಯಾ?"

"ಇರ್ತೀನಿ."

ಅಪ್ಪ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಮ್ಮಮ್ಮ ನಿಂಗೂ ಸೇರ್ಸಿ ಅನ್ನಕ್ಕಿಟ್ಟಿರ್ತಾಳೆ. ಏನಂತ ಹೇಳ್ಲಿ ಅವ್ಳಿಗೆ?"

"ದಸರಾ ರಜಕ್ಕೆ ಬರ್ತೀನಿ ಅಂತ ಹೇಳು."

ವಿಜಯಪುರದ ಬಸ್ಸು ಬರುವವರೆಗೆ ಜೊತೆಗೆ ನಿಂತಿದ್ದೆ. ಅಪ್ಪ ಕಿಟಕಿಯ ಪಕ್ಕ ಕೂತು, ಬೆರಳಿನಿಂದ ಗಾಜಿನ ಮೇಲೆ ಮೂರು ಗೆರೆ ಎಳೆಯುತ್ತಿದ್ದದ್ದು ಕೆಳಗಿನಿಂದ ಕಾಣುತ್ತಿತ್ತು.