ನಿಂತ ಎಂಜಿನ್ನಿಗೆ ಎಣ್ಣೆ

“ಅಜ್ಜಾರ, ಕೈ ತೆಗೀರಿ!” ಎಂದು ಕಾವಲುಗಾರ ಕೂಗುವಷ್ಟರಲ್ಲಿ ನಮ್ಮ ಮಾವ ಚಕ್ರದ ಕೀಲಿಗೆ ಎಣ್ಣೆ ಬಿಟ್ಟಾಗಿತ್ತು. ಹುಬ್ಬಳ್ಳಿಯಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿರುವ ಹಳೆಯ ಉಗಿ ಎಂಜಿನ್ ಅದು. ಹೊಸಪೇಟೆ–ಕೊಟ್ಟೂರು ದಾರಿಯಲ್ಲಿ ಇಂಥವೇ ಎಂಜಿನ್ನುಗಳಿಗೆ ಕಲ್ಲಿದ್ದಲು ಹಾಕುತ್ತ ದುಡಿದವರು ಮಾವ. ಕೊಟ್ಟೂರಿನಿಂದ ಹೊರಡುವಾಗ ಚೀಲದಲ್ಲಿ ಎಣ್ಣೆಯ ಬಾಟಲಿ ಇಟ್ಟುಕೊಂಡಿದ್ದು ನನಗೂ ಗೊತ್ತಿರಲಿಲ್ಲ.

“ಇದೇನು ಓಡತೈತೇನ್ರಿ, ಎಣ್ಣಿ ಹಾಕಾಕ?” ಎಂದ ಕಾವಲುಗಾರ.

“ನಾನೆಲ್ಲಿ ಓಡ್ತೀನ್ರಿ? ಮೊಣಕಾಲಿಗೆ ದಿನಾ ಹಚ್ಚಿಕೊಂತೀನಲ್ಲ!” ಎಂದರು ಮಾವ.

ಆತ ನಕ್ಕುಬಿಟ್ಟ. ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟು, “ಆ ಕಡೀಗೂ ಬಿಡ್ರಿ” ಎಂದ.

ಮರುದಿನ ಮನೆಯಲ್ಲಿ, ವರ್ಷಗಳಿಂದ ಮೂಲೆ ಸೇರಿದ್ದ ನನ್ನ ಹೊಲಿಗೆ ಯಂತ್ರದ ಧೂಳು ಒರೆಸಿ ಎಣ್ಣೆ ಬಿಟ್ಟೆ. ಚಕ್ರ ಕಿರ್ರೆಂದು ತಿರುಗಿತು. ಸದ್ದು ಕೇಳಿ ಪಡಸಾಲೆಯಿಂದ ಮಾವ ಅಂದರು: “ಆ ಕಡೀಗೂ ಬಿಡವಾ.”